ಅತ್ತೆ ಟೆಂಟಿನೊಳಗೆ ಕಾಲಿಟ್ಟ ಸಂಜೆ

ಕಷ್ಟಪಟ್ಟು ಊರು ಸುತ್ತುವುದು ನನಗೆ ಸೇರುವುದಿಲ್ಲ. ಇದನ್ನು ನಾನು ಯಾರ ಮುಂದೆಯೂ ಮುಚ್ಚಿಟ್ಟವಳಲ್ಲ. ಬೆಟ್ಟ ಹತ್ತಿ, ಬಂಡೆಯ ಮೇಲೆ ಚಾಪೆ ಹಾಸಿ ಮಲಗಿ, ಬೆಳಿಗ್ಗೆ ಚೊಂಬು ಹಿಡಿದು ಪೊದೆ ಹುಡುಕಿ, ಮನೆಗೆ ಬಂದ ಮೇಲೆ ಅದನ್ನೇ ದೊಡ್ಡ ಸುಖವೆಂದು ಹೇಳಿಕೊಳ್ಳುವವರ ಮೇಲೆ ನನಗೇನೂ ಕೋಪವಿಲ್ಲ. ಅವರು ಹೋಗಿ ಬರಲಿ. ನನಗೆ ಮಾತ್ರ ಹಾಸಿಗೆ ಬೇಕು, ಬಿಸಿನೀರು ಬೇಕು, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬಚ್ಚಲು ಬೇಕು.

ಸೇಲಂನಲ್ಲಿ ನಮ್ಮದು ಕನ್ನಡ ಮಾತಾಡುವ ನೇಯ್ಗೆಯ ಮನೆ. ಹುಟ್ಟಿದ ಮನೆಯೂ ಅಂಥದ್ದೇ, ಸೇರಿದ ಮನೆಯೂ ಅಂಥದ್ದೇ. ನಡುಮನೆಯ ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ನಮ್ಮದು. ದಿನವಿಡೀ ಹಾಗೆ ನೆಲಕ್ಕೆ ಅಂಟಿಕೊಂಡು ಬದುಕುವವರು ರಜೆಗೆಂದು ಹೋಗಿ ಮತ್ತೆ ನೆಲದ ಮೇಲೇ ಬೀಳುವುದರಲ್ಲಿ ಏನು ಚಂದ ಎಂದು ಚಿಕ್ಕಂದಿನಿಂದಲೂ ನನಗೆ ಅನ್ನಿಸುತ್ತಿತ್ತು. ತಮಿಳರ ಆಡಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಬೀದಿಯವರೆಲ್ಲ ವ್ಯಾನ್ ಮಾಡಿಕೊಂಡು ಕಾವೇರಿ ಸ್ನಾನಕ್ಕೆ ಮೆಟ್ಟೂರಿಗೆ ಹೋಗುತ್ತಿದ್ದೆವು. ಪಾತ್ರೆ, ಸೌದೆ, ಅಕ್ಕಿಮೂಟೆ ಎಲ್ಲವೂ ನಮ್ಮ ಜೊತೆಯಲ್ಲೇ ಬರುತ್ತಿತ್ತು. ಗಂಡಸರು ನೀರಿಗಿಳಿದು ಕೂಗಾಡುತ್ತಿದ್ದರೆ ನನ್ನ ಅಮ್ಮ ನದಿಗೆ ಬೆನ್ನು ಹಾಕಿ ಕೂತು, ಮೂರು ಕಲ್ಲಿನ ಒಲೆ ಊದುತ್ತಿದ್ದಳು. ಹೊಗೆಗೆ ಅವಳ ಕಣ್ಣು ಕೆಂಪಾಗಿರುತ್ತಿತ್ತು. ಮನೆಯಲ್ಲಿ ಮಾಡುವ ಕೆಲಸವನ್ನೇ ಇನ್ನಷ್ಟು ಕಷ್ಟಪಟ್ಟು ಮಾಡುವುದಕ್ಕೆ ಅವಳು ಅಷ್ಟು ದೂರ ಬಂದಿದ್ದಳು. ನನ್ನ ಕೈಗೆ ಸಂಸಾರ ಬಂದಾಗ ನಾನು ಅಂಥ ಪ್ರಯಾಣಕ್ಕೆ ಹೋಗುವುದಿಲ್ಲವೆಂದು ಅಂದುಕೊಂಡೆ, ಹೋಗಲೂ ಇಲ್ಲ.

ಹೀಗಿರುವಾಗ ಮಗಳು ಪ್ಲಸ್ ಟೂ ಪರೀಕ್ಷೆ ಮುಗಿಸಿದಳು. ಅವಳ ಗೆಳತಿಯರೆಲ್ಲ ಏರ್ಕಾಡು ಬೆಟ್ಟದಲ್ಲಿ ಟೆಂಟ್ ಹಾಕಿಕೊಂಡು ಇರಲು ಹೊರಟಿದ್ದರು. ಇವಳೂ ಹೋಗಬೇಕೆಂದಳು. ನನ್ನ ಗಂಡ ಒಂದೇ ಮಾತಿನಲ್ಲಿ ಆಗುವುದಿಲ್ಲ ಎಂದರು. ಅವಳು ಊಟ ಬಿಟ್ಟು ಮುಖ ಊದಿಸಿಕೊಂಡು ಕೂತಳು. ಅಪ್ಪ ಮಗಳ ಮಧ್ಯೆ ನಿಂತು ನಾನು, "ಟೆಂಟೇ ತಾನೆ ಬೇಕಾಗಿರೋದು? ಎಲ್ಲರೂ ಓಗಾಣ. ಆದ್ರೆ ಜಾಗ ನಾನ್ ನೋಡ್ತೀನಿ" ಎಂದೆ.

ಮಗಳು ಆ ಸಂಜೆಯೇ ಫೋನ್ ತಂದು ನನ್ನ ಮುಂದೆ ಹಿಡಿದಳು. ಮಾವಿನ ತೋಪಿನ ನಡುವೆ ಬಿಳಿ ಟೆಂಟುಗಳು, ಒಳಗೆ ಮಂಚ, ದೀಪ, ಕಿಟಕಿಗೆ ಪರದೆ. "ಅಮ್ಮಾ, ಇದು ಟೆಂಟ್ ತಾನ್, ಆನಾ ಟೆಂಟ್ ಇಲ್ಲೆ" ಎಂದಳು. ಟೆಂಟೇ, ಆದರೆ ಟೆಂಟಲ್ಲ ಎಂದು. ಅದಕ್ಕೆ ಗ್ಲಾಂಪಿಂಗ್ ಎಂದು ಹೆಸರಂತೆ. ಕಾಡಿನಲ್ಲಿದ್ದ ಹಾಗೂ ಇರಬೇಕು, ಮೈಗೆ ಕಷ್ಟವೂ ಆಗಬಾರದು ಎನ್ನುವವರಿಗೆಂದೇ ಮಾಡಿದ್ದು. ಇಷ್ಟು ದಿನ ನನ್ನಂಥವರ ಆಸೆಗೆ ಒಂದು ಹೆಸರೂ ಇತ್ತು, ನನಗೇ ಗೊತ್ತಿರಲಿಲ್ಲ. ಜಾಗ ಧರ್ಮಪುರಿಯ ಆಚೆ, ಮಾರಂಡಹಳ್ಳಿಯಿಂದ ಸ್ವಲ್ಪ ಒಳಕ್ಕೆ, ಬೆಟ್ಟದ ಬುಡದಲ್ಲಿತ್ತು.

ನಾನು ಫೋನ್ ಮಾಡಿದೆ. ಅಲ್ಲಿಯ ಉಸ್ತುವಾರಿ ನೋಡಿಕೊಳ್ಳುವ ಹೆಂಗಸು ಎತ್ತಿಕೊಂಡಳು. ತಮಿಳಿನಲ್ಲಿ ಮಾತು ಶುರುವಾಯಿತು. ಕಕ್ಕಸು ಟೆಂಟಿಗೆ ಅಂಟಿಕೊಂಡೇ ಇದೆಯಾ, ಕುರ್ಚಿಯಂತೆ ಕೂರುವಂಥದ್ದಾ, ಬಿಸಿನೀರು ಯಾವಾಗ ಕೇಳಿದರೂ ಬರುತ್ತದಾ, ರಾತ್ರಿ ಹುಳಹುಪ್ಪಟೆ ಒಳಗೆ ಬಾರದ ಹಾಗೆ ಏನು ಮಾಡಿದ್ದೀರಿ ಎಂದು ನಾನು ಒಂದರ ಹಿಂದೆ ಒಂದು ಕೇಳಿದೆ. ಅವಳು ಎಲ್ಲದಕ್ಕೂ ಸಮಾಧಾನವಾಗಿ ಉತ್ತರ ಕೊಟ್ಟಳು. ಕೊನೆಗೆ ನಾನು ಫೋನಿಗೆ ಕೈ ಅಡ್ಡ ಹಿಡಿದು ಗಂಡನಿಗೆ, "ಎಲ್ಲಾ ಐತಂತೆ ಕಣ್ರೀ, ನಂಬಬೌದಾ?" ಎಂದೆ.

ಆ ಕಡೆಯಿಂದ ನಗು ಕೇಳಿಸಿತು. "ನಂಬಿ ಅಕ್ಕಾ, ಬನ್ನಿ. ನಮ್ಮನೇಲೂ ಕನ್ನಡಾನೇ" ಎಂದಳು.

ಜಾಗ ನಿಶ್ಚಯವಾಯಿತು. ಇನ್ನು ಉಳಿದಿದ್ದು ಅತ್ತೆ.

ಎಪ್ಪತ್ತು ದಾಟಿದ ನನ್ನ ಅತ್ತೆಗೆ ಮಂಡಿ ನೋವು. ಮಗ್ಗಕ್ಕೆ ಇಳಿಯುವುದನ್ನು ಬಿಟ್ಟು ಕೆಲವು ವರ್ಷಗಳಾಗಿದ್ದವು, ಆದರೆ ರಾಟೆಯ ಮುಂದೆ ಕೂತು ಲಾಳಿಗೆ ಬೇಕಾದ ನೂಲು ಸುತ್ತಿಕೊಡುವುದನ್ನು ಬಿಟ್ಟಿರಲಿಲ್ಲ. ಅವರು ಸುಮ್ಮನೆ ಕೂತದ್ದನ್ನು ನಾನು ಮದುವೆಯಾಗಿ ಬಂದಾಗಿನಿಂದ ನೋಡಿರಲಿಲ್ಲ. ಅವರನ್ನು ಬಿಟ್ಟು ಹೋಗುವುದು ನನಗೆ ಇಷ್ಟವಿರಲಿಲ್ಲ. ಕೇಳಿದ್ದಕ್ಕೆ ಅವರು ರಾಟೆಯಿಂದ ಕಣ್ಣು ಎತ್ತದೆ, "ಬಟ್ಟೆ ಮನೇಲಿ ಮಲಗಾಕೆ ನಾನ್ ಬರಾಕಿಲ್ಲ. ನೀವ್ ಓಗ್ಬನ್ನಿ. ಮನೆ ನಾನ್ ನೋಡ್ಕಂತೀನಿ" ಎಂದರು.

"ಮಂಚ ಐತೆ, ಫ್ಯಾನ್ ಐತೆ ಅತ್ತೆ. ನಮ್ಮನೆಗಿಂತ ಚೆನ್ನಾಗೈತೆ."

"ಮೇಲೆ ಏನೈತೆ?"

"ಮೇಲೆ... ದಪ್ಪ ಬಟ್ಟೆ."

"ಅದ್ಕೇ ಬರಾಕಿಲ್ಲ ಅಂದಿದ್ದು."

ಇದು ಮುದುಕಿಯರ ಹಟ ಎಂದುಕೊಂಡೆವು. ಕೊನೆಗೆ ಮಗಳು ಹೋಗಿ ಅವರ ತೊಡೆಯ ಮೇಲೆ ತಲೆಯಿಟ್ಟಳು. ಅವಳು ಅಜ್ಜಿಯನ್ನು ತಮಿಳಿನಂತೆ ಪಾಟಿ ಎಂದೇ ಕರೆಯುವುದು. "ಪಾಟಿ, ನೀ ವರಲೇನ್ನಾ ನಾನುಂ ಪೋಗಲೆ" ಎಂದಳು. ನೀನು ಬರದಿದ್ದರೆ ನಾನೂ ಹೋಗುವುದಿಲ್ಲ ಎಂಬ ಆ ಮಾತಿಗೆ ಅತ್ತೆ ರಾಟೆ ನಿಲ್ಲಿಸಿದರು. ಆಮೇಲೆ, "ಬತ್ತೀನಿ. ಒಳೀಕ್ ಬಾ ಅಂತ ಮಾತ್ರ ಯೋಳ್ಬ್ಯಾಡಿ" ಎಂದರು. ಬಂದ ಮೇಲೆ ನೋಡಿಕೊಂಡರಾಯಿತು ಎಂದು ನಾನು ಬಟ್ಟೆ ತುಂಬಿಸಿದೆ.

ಮೇ ತಿಂಗಳ ಬಿಸಿಲು. ಬೆಳಿಗ್ಗೆ ಕಾರಿನಲ್ಲಿ ಹೊರಟು ಓಮಲೂರು ದಾಟಿ, ತೊಪ್ಪೂರು ಘಾಟಿಯಲ್ಲಿ ಲಾರಿಗಳ ಹಿಂದೆ ಬಿದ್ದು, ಧರ್ಮಪುರಿಯಲ್ಲಿ ಇಡ್ಲಿ ತಿಂದು, ಪಾಲಕ್ಕೋಡಿನ ಮೇಲೆ ಮಾರಂಡಹಳ್ಳಿ ಸೇರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ರಸ್ತೆಯ ಎರಡೂ ಕಡೆ ಟೊಮೆಟೊ ತೋಟಗಳಲ್ಲಿ ಕ್ರೇಟುಗಳು ಸಾಲಾಗಿ ಕೂತಿದ್ದವು. ಅಲ್ಲಿಂದ ಮಣ್ಣು ರಸ್ತೆ, ಆಮೇಲೆ ಮಾವಿನ ತೋಪು. ಕಾಯಿ ಬಲಿತು ಕೊಂಬೆಗಳು ಬಾಗಿದ್ದವು.

ಫೋನಿನಲ್ಲಿ ಮಾತಾಡಿದ ಹೆಂಗಸು ಗೇಟಿಗೇ ಬಂದಳು. ನನಗಿಂತ ಹತ್ತು ವರ್ಷ ಚಿಕ್ಕವಳಿರಬೇಕು. ಹತ್ತಿರದ ಹಳ್ಳಿಯ ರೈತರ ಮನೆಯ ಸೊಸೆ. ಕೊರಳಲ್ಲಿ ಬೀಗದ ಕೈಗಳ ಗೊಂಚಲು ಹಾಕಿಕೊಂಡು ಚುರುಕಾಗಿ ಓಡಾಡುತ್ತಿದ್ದಳು. ನಮ್ಮ ಟೆಂಟು ಮರದ ಜಗುಲಿಯ ಮೇಲೆ ನಿಂತಿತ್ತು. ಒಳಗೆ ಹೋಗಿ ನೋಡಿದೆ. ಅವಳು ಹೇಳಿದ್ದು ಒಂದೂ ಸುಳ್ಳಲ್ಲ. ಎರಡು ಅಗಲವಾದ ಮಂಚಗಳು, ಬಿಳಿ ಹೊದಿಕೆ, ಹಿಂದೆ ಇಟ್ಟಿಗೆ ಗೋಡೆಯ ಬಚ್ಚಲು, ನಲ್ಲಿ ತಿರುಗಿಸಿದ ಕೂಡಲೇ ಕೈ ಸುಡುವ ನೀರು. ನನ್ನ ಗಂಡ ಒಳಗೆ ಬಂದವರೇ ನೇಕಾರನ ಅಭ್ಯಾಸಕ್ಕೆ ಟೆಂಟಿನ ಬಟ್ಟೆಯನ್ನು ಬೆರಳಿನಲ್ಲಿ ಹಿಡಿದು ಉಜ್ಜಿ ನೋಡಿದರು. ಮಗಳು ಹಾಸಿಗೆಯ ಮೇಲೆ ಬಿದ್ದು ಹೊರಳಾಡಿದಳು. ನಾನು ಚಪ್ಪಲಿ ಬಿಟ್ಟು, ಕಾಲು ಚಾಚಿ ಮಂಚದ ಮೇಲೆ ಕೂತೆ. ಜಾಗ ಹುಡುಕಿದ್ದು ನಾನೇ ಎಂದು ಒಳಗೊಳಗೇ ಹೆಮ್ಮೆಯಾಯಿತು.

ಅತ್ತೆ ಮೆಟ್ಟಿಲ ಹತ್ತಿರ ನಿಂತಿದ್ದರು. ಒಂದು ಕೈ ಕಂಬದ ಮೇಲೆ, ಕಣ್ಣು ಮೇಲಿನ ಬಟ್ಟೆಯ ಮೇಲೆ. ಎರಡೇ ಮೆಟ್ಟಿಲು. ಹತ್ತಲಿಲ್ಲ. ತಿರುಗಿ ಹೋಗಿ ಮಾವಿನ ಮರದ ಕೆಳಗಿನ ಕುರ್ಚಿಯಲ್ಲಿ ಕೂತರು.

ಅಲ್ಲೇ ಊಟ ಮಾಡಿದರು. ಊಟದ ಮೇಲೆ ಒಂದು ಗಳಿಗೆ ಒರಗಿಕೊಳ್ಳಿ ಎಂದರೆ ಒರಗಲಿಲ್ಲ. ಬಿಸಿಲು ಸರಿದು ಅವರ ಕಾಲಿಗೆ ಬಿದ್ದರೆ ಕುರ್ಚಿಯನ್ನು ನೆರಳಿಗೆ ಎಳೆದುಕೊಂಡರು. ಬಚ್ಚಲಿಗೆ ಹೋಗಬೇಕಾದಾಗಲೂ ಅಡುಗೆಮನೆಯ ಹಿಂದಿನ ಬಚ್ಚಲಿಗೇ ನಡೆದುಕೊಂಡು ಹೋದರು. ಮಂಡಿ ನೋವಿನ ಹೆಂಗಸು, ಆ ಏರುಪೇರಿನ ದಾರಿಯಲ್ಲಿ. ನನ್ನ ಗಂಡನಿಗೆ ಸಿಟ್ಟು ಬಂತು.

"ಅವ್ವ, ಇಷ್ಟ್ ದೂರ ಬಂದು ಇದೇನ್ ಹಟ? ಸೊಲ್ಪ ಅಡ್ಜಸ್ಟ್ ಮಾಡ್ಕೋ."

ಆ ಮಾತು ನನಗೆ ನಾಟಿತು. ಜೀವಮಾನವೆಲ್ಲ ನಾನು ಕೇಳಿ ಕೇಳಿ ಬೇಸತ್ತ ಮಾತು ಅದು. ಮೆಟ್ಟೂರಿನ ದಡದಲ್ಲಿ ಒಲೆ ಊದುತ್ತಿದ್ದ ಅಮ್ಮನಿಗೂ ಯಾರೋ ಅದನ್ನೇ ಹೇಳಿರಬೇಕು. ನಾನು ಎದ್ದುಬಂದು ಹೇಳಿದೆ: "ಅಡ್ಜಸ್ಟ್ ಮಾಡ್ಕೊಳ್ಳಾಕೆ ಯಾರೂ ಇಲ್ಲೀಗ್ ಬಂದಿಲ್ಲ ರೀ. ನಂಗೆ ನೆಲದ ಮೇಲೆ ಮಲಗಾಕೆ ಆಗಲ್ಲ ಅಂತ ಇಷ್ಟೆಲ್ಲಾ ಹುಡುಕ್ದೆ. ಅವ್ರಿಗೆ ಬಟ್ಟೆ ಕೆಳಗೆ ಮಲಗಾಕೆ ಆಗಲ್ಲ. ನಂದೊಂದು ನ್ಯಾಯ, ಅವ್ರದೊಂದು ನ್ಯಾಯಾನಾ?"

ನಾನು ಉಸ್ತುವಾರಿಯ ಹೆಂಗಸನ್ನು ಹುಡುಕಿಕೊಂಡು ಹೋದೆ. ವಿಷಯ ಹೇಳಿದ್ದಕ್ಕೆ ಅವಳು ಒಂದು ನಿಮಿಷವೂ ಯೋಚಿಸಲಿಲ್ಲ.

"ನನ್ ಆಫೀಸ್ ರೂಮ್ ಐತಲ್ಲಕ್ಕಾ. ಗೋಡೆ ಐತೆ, ಮೇಲೆ ತಾರಸಿ ಐತೆ, ಮಂಚಾನೂ ಐತೆ. ಅಜ್ಜಿ ಅಲ್ಲಿರ್ಲಿ. ನಿಮ್ ಟೆಂಟ್‌ಗೂ ಪಕ್ಕಾನೇ."

ಅತ್ತೆ ಆ ಕೋಣೆಯನ್ನು ನೋಡಿದರು. ಬಾಗಿಲು ತಟ್ಟಿದರು. ತಾರಸಿ ನೋಡಿದರು. ಮಂಚದ ಮೇಲೆ ಕೂತು, "ಇದು ಮನೆ" ಎಂದರು. ಅವರ ಮುಖ ಸಡಿಲವಾದದ್ದನ್ನು ಕಂಡು ನನಗೂ ಸಮಾಧಾನವಾಯಿತು. ಆ ರಾತ್ರಿ ನಾನೂ ಅವರ ಜೊತೆ ಅಲ್ಲೇ ಮಲಗುವುದೆಂದು ಗಂಡನಿಗೆ ಹೇಳಿದೆ.

ಆದರೆ ಹಾಗಾಗಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನೂ ಗಂಡನೂ ತೋಪಿನ ಕೆಳಗಿನ ತುದಿಯಲ್ಲಿದ್ದ ಊಟದ ಚಪ್ಪರದಲ್ಲಿ ಚಹಾ ಕುಡಿಯುತ್ತಿದ್ದೆವು. ಮಗಳು ಸ್ನಾನ ಮಾಡುತ್ತೇನೆಂದು ಟೆಂಟಿನಲ್ಲೇ ಉಳಿದಿದ್ದಳು. ಅತ್ತೆ ಆಫೀಸಿನ ಕೋಣೆಯ ಹೊಸ್ತಿಲ ಹತ್ತಿರ ಕೂತಿದ್ದರು. ಬೆಟ್ಟದ ಮೇಲೆ ಮೋಡ ಕಪ್ಪಾಗಿ ನಿಂತಿತ್ತು. ಬೇಸಿಗೆಯಲ್ಲಿ ಅದು ದಿನವೂ ನಿಲ್ಲುತ್ತದೆ, ದಿನವೂ ಹೋಗುತ್ತದೆ ಎಂದು ಅಡುಗೆಯವನು ಹೇಳುತ್ತಿದ್ದಂತೆಯೇ ಗಾಳಿ ಎದ್ದಿತು. ಮೊದಲು ಧೂಳು ಬಂತು, ಅದರ ಹಿಂದೆ ಒಣಗಿದ ಎಲೆಗಳ ರಾಶಿ. ಮಾವಿನ ಕಾಯಿಗಳು ದಬದಬ ಉದುರತೊಡಗಿದವು. ಕರೆಂಟು ಹೋಯಿತು. ಎಲ್ಲಾ ಒಟ್ಟಿಗೇ ಕಪ್ಪಾಯಿತು.

ಆ ಕತ್ತಲೆಯಲ್ಲಿ ಮಗಳು ಕಿರುಚಿದ್ದು ಕೇಳಿಸಿತು.

ನಾವು ಓಡಿದೆವು. ಮಳೆಯೂ ಹಿಡಿಯಿತು, ಮುಖಕ್ಕೆ ಕಲ್ಲು ಎಸೆದಂತೆ ಹನಿಗಳು. ಕಾಲಡಿಯಲ್ಲಿ ಮಾವಿನಕಾಯಿ ಉರುಳಿ ನಾನು ಒಮ್ಮೆ ಬಿದ್ದೆ. ಗಂಡ ಹಿಡಿದೆತ್ತಿದರು. ಟೆಂಟುಗಳ ಬಟ್ಟೆ ಡೋಲು ಬಡಿದಂತೆ ಸದ್ದು ಮಾಡುತ್ತಿತ್ತು. ಆ ಒಂದು ಗಳಿಗೆಯಲ್ಲಿ ನನಗೆ ನನ್ನ ಮೇಲೇ ನಂಬಿಕೆ ಹೋಯಿತು. ಮಗಳನ್ನು ಕರೆತಂದು ಬಟ್ಟೆಯೊಳಗೆ ಇಟ್ಟವಳು ನಾನೇ ತಾನೆ ಅನ್ನಿಸಿತು. ಆಫೀಸ್ ಕೋಣೆಯ ಮುಂದೆ ಬಂದಾಗ ನೋಡಿದೆ, ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತಿತ್ತು. ಒಳಗೆ ಅತ್ತೆ ಇರಲಿಲ್ಲ.

"ಅವ್ವಾ!" ಎಂದು ಇವರು ಕೂಗಿದರು. ಉತ್ತರವಿಲ್ಲ.

ಟೆಂಟಿನ ಮೆಟ್ಟಿಲು ಹತ್ತುವಾಗ ಒಳಗಿನಿಂದ ಅತ್ತೆಯ ದನಿ ಕೇಳಿಸಿತು. ಬೆದರಿದ ದನಿಯಲ್ಲ, ಬೈಯುವ ದನಿ.

"ದೀಪ ಅಚ್ಚೋ ಒತ್ನಲ್ಲಿ ಯಾರಾನಾ ತಲೆಗೆ ನೀರಾಕ್ಕಂತಾರಾ? ಅದೂ ಮೋಡ ಕಟ್ಟಿರೋವಾಗ! ಸುಮ್ನಿರ್ಲೇ, ಅಲ್ಲಾಡಬ್ಯಾಡ."

ಗಂಡ ಫೋನಿನ ಬೆಳಕು ಹಾಕಿದರು. ಮಂಚದ ಮೇಲೆ ಮಗಳು ಟವೆಲು ಸುತ್ತಿಕೊಂಡು ಕೂತಿದ್ದಳು. ತಲೆತುಂಬ ಶಾಂಪೂ ನೊರೆ. ಅತ್ತೆ ಅವಳ ಪಕ್ಕ ಕೂತು ತಮ್ಮ ಸೀರೆಯ ಸೆರಗಿನಲ್ಲೇ ಅವಳ ತಲೆ ಒರೆಸುತ್ತಿದ್ದರು. ಅವರ ಸೀರೆ ಪೂರ್ತಿ ಒದ್ದೆ. ಕರೆಂಟು ಹೋದಾಗ ಮಗಳು ಬಚ್ಚಲಿನಲ್ಲಿದ್ದಳಂತೆ. ಕಣ್ಣಿಗೆ ನೊರೆ ಹೋಗಿ, ಕತ್ತಲೆಯಲ್ಲಿ ಚಿಲಕ ಸಿಗದೆ, ಹೊರಗೆ ಬಟ್ಟೆಯ ಸದ್ದಿಗೆ ಹೆದರಿ ಕಿರುಚಿದ್ದಾಳೆ. ಅಷ್ಟರಲ್ಲಿ ಬಾಗಿಲ ಆಚೆಯಿಂದ, "ಲೇ, ನಾನಿವ್ನಿ. ಕೈ ಕೆಳೀಕ್ ಜಾರ್ಸು, ಚಿಲ್ಕ ಅಲ್ಲೇ ಇರ್ತೈತೆ" ಎಂದು ಅಜ್ಜಿಯ ದನಿ ಬಂತಂತೆ. ಮಂಡಿ ನೋವೆಂದು ಎರಡು ಮೆಟ್ಟಿಲು ಹತ್ತುವಾಗಲೂ ಕೈಹಿಡಿದುಕೊಳ್ಳುವವರು ನಮ್ಮೆಲ್ಲರಿಗಿಂತ ಮೊದಲು ಅಲ್ಲಿಗೆ ಹೋಗಿದ್ದರು.

"ಅತ್ತೆ, ನೀವು ಒಳಗೆ..." ಎಂದೆ.

ಆಗ ಅವರು ಮೇಲೆ ನೋಡಿದರು. ಅಲ್ಲಿಯವರೆಗೆ ನೋಡಿಯೇ ಇರಲಿಲ್ಲವೆಂದು ಕಾಣುತ್ತದೆ. ಬಟ್ಟೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಒರೆಸುತ್ತಿದ್ದ ಅವರ ಕೈ ನಿಂತಿತು. ಇನ್ನೊಂದು ಕೈ ಮಗಳ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ನಾನು ಹೋಗಿ ಅವರ ಇನ್ನೊಂದು ಪಕ್ಕದಲ್ಲಿ ಕೂತೆ. ಎದ್ದು ಆ ಕೋಣೆಗೆ ಹೋಗೋಣವೇ ಎಂದು ಕೇಳಿದೆ. ಅವರು ತಲೆಯಾಡಿಸಿದರು. ಬೇಡ.

ಅಷ್ಟರಲ್ಲಿ ಉಸ್ತುವಾರಿಯ ಹೆಂಗಸು ಗೋಣಿಚೀಲ ತಲೆಗೆ ಹಾಕಿಕೊಂಡು, ಚಾರ್ಜ್ ದೀಪ ಹಿಡಿದು ಓಡಿಬಂದಳು. ಪ್ರತಿ ಟೆಂಟಿಗೂ ಹೋಗಿ ನೋಡಿಕೊಂಡು ಬರುತ್ತಿದ್ದಳು. "ಭಯ ಪಡಬ್ಯಾಡಿ ಅಜ್ಜಿ, ಕಂಬ ಎಲ್ಲಾ ಸಿಮೆಂಟ್ ಆಕಿ ನಿಲ್ಸವ್ರೆ. ಓದ್ ವರ್ಷ ಇದಕ್ಕಿಂತ ಜೋರಾಗ್ ಬಂದಿತ್ತು, ಏನೂ ಆಗ್ಲಿಲ್ಲ. ಬೇಕಿದ್ರೆ ಎಲ್ಲಾರೂ ಆಫೀಸ್ ರೂಮ್‌ಗೆ ಬನ್ನಿ" ಎಂದಳು. ಅತ್ತೆ, "ನೀನೋಗವ್ವ, ಬ್ಯಾರೆ ಮಕ್ಳು ಐದಾವೆ, ಅವುನ್ನ ನೋಡ್ಕೋ" ಎಂದರು. ಅವಳು ದೀಪವನ್ನು ಅಲ್ಲೇ ಇಟ್ಟು ಹೋದಳು.

ದೀಪದ ಬೆಳಕಿನಲ್ಲಿ ನಾವು ನಾಲ್ವರೂ ಒಂದೇ ಮಂಚದ ಮೇಲೆ ಕೂತೆವು. ಮಗಳು ಮೆಲ್ಲಗೆ, ನಿನಗೇಕೆ ಪಾಟಿ ಟೆಂಟ್ ಎಂದರೆ ಆಗದು ಎಂದು ತಮಿಳಿನಲ್ಲಿ ಕೇಳಿದಳು. ಇಷ್ಟು ವರ್ಷ ಜೊತೆಗಿದ್ದ ನಾವು ಯಾರೂ ಅದನ್ನು ನೆಟ್ಟಗೆ ಕೇಳಿರಲಿಲ್ಲ.

ಅತ್ತೆ ಹೇಳಿದರು. "ಆಗ ನಮ್ಮನೆ ಅಂಚಿನ ಮನೆ, ತಾರಸಿ ಇರ್ಲಿಲ್ಲ. ನಿಮ್ ತಾತ ಮಗ್ಗದ ಮೇಲಿದ್ರು. ಇಂಗೇ ಒಂದು ಗಾಳಿ ಬಂತು. ಅಂಚೆಲ್ಲಾ ಎದ್ದೋಯ್ತು. ಗೋಡೆ ನಿಂತೈತೆ, ಮೇಲೆ ಆಕಾಸ. ಮಗ್ಗದ್ ಮೇಲಿದ್ದ ರೇಷ್ಮೆ ಎಲ್ಲಾ ನೆಂದೋಯ್ತು. ಮರುದಿನ ತಾರ್ಪಾಲ್ ತಂದ್ ಕಟ್ಟಿದ್ರು. ಮಳೆಗಾಲ ಪೂರಾ ಅದರ ಕೆಳಗೇ ಇದ್ವಿ. ಗಾಳಿ ಬಂದ್ರೆ ತಾರ್ಪಾಲ್ ಮೇಲೀಕ್ ಏಳ್ತಿತ್ತು. ನಿಮ್ ತಾತ ಒಂದ್ ಮೂಲೆ ಅಗ್ಗ ಇಡ್ಕಂಡ್ರೆ ನಾನೊಂದ್ ಮೂಲೆ ಅಗ್ಗ ಇಡ್ಕಂತಿದ್ದೆ. ಬಿಟ್ರೆ ಓಯ್ತು. ಕಂಕುಳಲ್ಲಿ ಎರಡ್ ತಿಂಗಳ್ ಕೂಸು. ಒಂದ್ ಕೈಲಿ ಕೂಸು, ಒಂದ್ ಕೈಲಿ ಅಗ್ಗ. ಅದು ಅಳ್ತಿದ್ರೂ ಆಲು ಕೊಡಾಕಾಗ್ತಿರ್ಲಿಲ್ಲ."

"ಯಾವ್ ಕೂಸು ಅವ್ವಾ?" ಎಂದರು ನನ್ನ ಗಂಡ.

"ಇನ್ಯಾವ್ದು? ನೀನೇ."

ಅವರು ತಾಯಿಯ ಹಿರಿಯ ಮಗ. ಅವ್ವನ ಕಡೆಗೆ ತಿರುಗಿ, "ನಂಗ್ಯಾಕೆ ಇದುನ್ನ ಯೋಳೇ ಇಲ್ಲ ನೀನು?" ಎಂದರು. "ಯೋಳಿ ಏನಾಗ್ಬೇಕು? ಆಮೇಲೆ ಮನೆ ಕಟ್ಟಿದ್ವಲ್ಲ" ಎಂದರು ಅತ್ತೆ. ಸರಿಪಡಿಸಿದ ಕಷ್ಟದ ಬಗ್ಗೆ ಮತ್ತೆ ಮಾತೇಕೆ ಎನ್ನುವ ಹಾಗೆ.

ನನ್ನ ಗಂಡ ಎದ್ದು ಹೊರಗೆ ಹೋದರು. ಮಳೆ ಇನ್ನೂ ಸುರಿಯುತ್ತಿತ್ತು. ಅವರು ಟೆಂಟಿನ ಸುತ್ತ ಒಂದು ಸುತ್ತು ಬರುವುದು ಬಟ್ಟೆಯ ಆಚೆ ಫೋನಿನ ಬೆಳಕಿನಿಂದ ತಿಳಿಯುತ್ತಿತ್ತು. ಒಂದೊಂದು ಹಗ್ಗದ ಹತ್ತಿರವೂ ನಿಂತು, ಜಗ್ಗಿ, ಮುಂದಕ್ಕೆ ಹೋಗುತ್ತಿದ್ದರು. ತೊಯ್ದು ತೊಪ್ಪೆಯಾಗಿ ಒಳಗೆ ಬಂದರು. "ಗಟ್ಟಿಯಾಗೈತೆ ಅವ್ವ. ಯಾರೂ ಇಡ್ಕಬೇಕಾಗಿಲ್ಲ" ಎಂದರು.

ಅತ್ತೆ ಮಗನ ಮುಖ ನೋಡಿದರು. ಆಮೇಲೆ ಮೊಮ್ಮಗಳ ಭುಜದಿಂದ ಕೈ ತೆಗೆದು, ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

ಬೇಸಿಗೆಯ ಮಳೆ, ಬಂದ ಹಾಗೇ ನಿಂತಿತು. ಕರೆಂಟೂ ಬಂತು. ಮೊದಲು ಮಗಳು ಹೋಗಿ ತಲೆಯ ನೊರೆ ತೊಳೆದುಕೊಂಡು ಬಂದಳು. ಅವಳ ಹಿಂದೆ ಅತ್ತೆಯೂ ಬಿಸಿನೀರಿನಲ್ಲಿ ಸ್ನಾನ ಮಾಡಿ ನನ್ನದೊಂದು ಒಣ ಸೀರೆ ಉಟ್ಟು ಬಂದರು. ಮಂಡಿಯ ಮೇಲೆ ಬಿಸಿನೀರು ಬಿಡುತ್ತಾ ಎಷ್ಟು ಹೊತ್ತು ನಿಂತಿದ್ದರೋ, ಬಚ್ಚಲಿನಿಂದ ಹಬೆ ಟೆಂಟಿನೊಳಕ್ಕೆಲ್ಲ ತುಂಬಿಕೊಂಡಿತ್ತು. ಊಟವನ್ನು ಅಲ್ಲಿಗೇ ತರಿಸಿದೆವು. ಬಿಸಿ ರಾಗಿ ಮುದ್ದೆ, ಹುರುಳಿ ಸಾರು. ಊಟವಾದ ಮೇಲೆ ನಾನು ಆಫೀಸ್ ಕೋಣೆಯಿಂದ ಅವರ ಚೀಲ ತರಬೇಕೋ, ಅವರನ್ನೇ ಅಲ್ಲಿಗೆ ಕರೆದುಕೊಂಡು ಹೋಗಬೇಕೋ ತಿಳಿಯದೆ ನಿಂತಿದ್ದೆ. ಅವರಾಗಿಯೇ ಹೇಳಿದರು. "ಚೀಲ ಇಲ್ಲೀಗೇ ತತ್ತಾರಮ್ಮ. ಆ ಕೋಣೇಲಿ ಸೆಕೆ ಐತೆ."

ಮರುದಿನ ಬೆಳಿಗ್ಗೆ ನಾನು ಎದ್ದಾಗ ಅವರು ಇನ್ನೂ ಮಲಗಿದ್ದರು. ನಮ್ಮ ಮನೆಯಲ್ಲಿ ಬೀದಿಯ ನಲ್ಲಿಗೆ ನೀರು ಬರುವ ಮೊದಲೇ ಎದ್ದು ಅಂಗಳ ಗುಡಿಸುವವರು, ಬಿಸಿಲು ಏರಿದರೂ ಬಾಯಿ ಸ್ವಲ್ಪ ತೆರೆದುಕೊಂಡು, ಒಂದು ಕೈ ಕೆನ್ನೆಯ ಕೆಳಗಿಟ್ಟುಕೊಂಡು ನಿದ್ದೆ ಮಾಡುತ್ತಿದ್ದರು. ಹಾಗೆ ಮಲಗಿದ ಅತ್ತೆಯನ್ನು ನಾನು ನೋಡುತ್ತಿದ್ದದ್ದು ಅದೇ ಮೊದಲು. ಗಂಡನನ್ನೂ ಮಗಳನ್ನೂ ಸದ್ದು ಮಾಡಬೇಡಿ ಎಂದು ಹೊರಗೆ ಅಟ್ಟಿದೆ.

ಎದ್ದ ಮೇಲೆ ಅವರಿಗೆ ಎಲ್ಲಿಲ್ಲದ ನಾಚಿಕೆ. ಜಗುಲಿಯ ಮೇಲೆ ಕಾಫಿ ಬಂತು. ಕುಡಿದು ಲೋಟ ತೊಳೆಯಲು ಎದ್ದರು. ಉಸ್ತುವಾರಿಯ ಹೆಂಗಸು ಕೈಯಿಂದ ಲೋಟ ಕಸಿದುಕೊಂಡಳು. "ಬಿಡಿ ಅಜ್ಜಿ, ಎಲ್ಲಾ ನೀವೇ ಮಾಡಿದ್ರೆ ನಂಗೆ ಸಂಬಳ ಯಾಕ್ ಕೊಡ್ತಾರೆ?" ಎಂದಳು. ಹೊದಿಕೆ ಮಡಚಲು ಹೋದರೆ ಅದನ್ನೂ ಬಿಡಲಿಲ್ಲ. ಮಾಡಲು ಏನೂ ಇಲ್ಲದೆ ಅತ್ತೆ ಕುರ್ಚಿಯಲ್ಲಿ ಕೂತರು. ಸ್ವಲ್ಪ ಹೊತ್ತು ಅವರ ಬಲಗೈ ತೊಡೆಯ ಪಕ್ಕದಲ್ಲಿ ತಾನಾಗಿಯೇ ತಿರುಗುತ್ತಿತ್ತು, ರಾಟೆ ತಿರುಗಿಸುವ ಹಾಗೆ. ಮಧ್ಯಾಹ್ನದ ಹೊತ್ತಿಗೆ ಅದೂ ನಿಂತಿತು. ಅತ್ತೆಯೂ ಉಸ್ತುವಾರಿಯ ಹೆಂಗಸೂ ಹಳ್ಳಿಯ ಸುದ್ದಿ, ರಾಗಿ ಬೆಲೆ, ಸೊಸೆಯರ ಬುದ್ಧಿ ಎಂದು ಹೊತ್ತು ಹೋಗುವವರೆಗೂ ಮಾತಾಡಿದರು. ಆ ಹೆಂಗಸಿನ ಕನ್ನಡ ನಮ್ಮದಕ್ಕಿಂತ ಸ್ವಲ್ಪ ಬೇರೆ. ಅತ್ತೆ ಅಲ್ಲಲ್ಲಿ ಅವಳ ಮಾತು ತಿದ್ದಿದರು, ಅವಳೂ ಬಿಡದೆ ಇವರ ಮಾತು ತಿದ್ದಿದಳು.

ಸಂಜೆ ಮಕ್ಕಳಿಗೆಂದು ಕಟ್ಟಿದ್ದ ಸಣ್ಣ ನೀರಿನ ಕೊಳದ ಹತ್ತಿರ ಹೋದೆವು. ಮಗಳು ನೀರಿಗಿಳಿದು ಬೇರೆ ಸಂಸಾರದ ಹುಡುಗಿಯರ ಜೊತೆ ಕಿರುಚಾಡುತ್ತಿದ್ದಳು. ಅತ್ತೆ ಅಂಚಿನಲ್ಲಿ ಕೂತು, ಸುತ್ತಲೂ ಒಮ್ಮೆ ನೋಡಿ, ಸೀರೆಯನ್ನು ಮಂಡಿಯವರೆಗೆ ಸರಿಸಿ ಕಾಲು ಇಳಿಬಿಟ್ಟರು. ನಾನೂ ಪಕ್ಕದಲ್ಲಿ ಕೂತು ಹಾಗೇ ಮಾಡಿದೆ. ನೀರು ತಣ್ಣಗಿತ್ತು.

"ನಾಳೆ ಓಗ್ಬೇಕಾ?" ಎಂದರು.

"ಓಗ್ಬೇಕು ಅತ್ತೆ. ಮಗ್ಗ ನಿಂತೈತೆ."

"ನಿಂತಿರ್ಲಿ ಬುಡು. ಇನ್ನೊಂದಿನ ನಿಂತ್ರೆ ಅದೇನ್ ಬೇರು ಬಿಡ್ತೈತಾ?"

ನಾನು ನಕ್ಕೆ. ಅವರು ನಗಲಿಲ್ಲ, ನಿಜವಾಗಿಯೇ ಹೇಳುತ್ತಿದ್ದರು. ನಾನು ಹೋಗಿ ಇನ್ನೊಂದು ದಿನಕ್ಕೆ ಹೇಳಿ ಬಂದೆ. ನನ್ನ ಗಂಡ ನೆರೆಮನೆಗೆ ಫೋನ್ ಮಾಡಿ ಗಿಡಗಳಿಗೆ ನೀರು ಹಾಕಲು ತಿಳಿಸಿದರು. ಹೀಗೆ ನಾವು ಅಂದುಕೊಂಡದ್ದಕ್ಕಿಂತ ಒಂದು ದಿನ ಹೆಚ್ಚು ಅಲ್ಲಿದ್ದೆವು, ಆ ದಿನ ನಾವು ಏನೂ ಮಾಡಲಿಲ್ಲ. ತಿಂದೆವು, ಮಲಗಿದೆವು, ಮತ್ತೆ ತಿಂದೆವು. ಕೇಳಿದವರಿಗೆಲ್ಲ ಆಮೇಲೆ ನಾನು ಹಾಗೇ ಹೇಳಿದ್ದೇನೆ. ಏನು ನೋಡಿಬಂದಿರಿ ಎಂದರೆ, ಏನೂ ನೋಡಲಿಲ್ಲ, ಆರಾಮವಾಗಿ ಇದ್ದು ಬಂದೆವು ಎನ್ನುತ್ತೇನೆ. ಕೆಲವರಿಗೆ ಅದು ವಿಚಿತ್ರವಾಗಿ ಕಾಣುತ್ತದೆ. ನನಗೆ ಕಾಣುವುದಿಲ್ಲ.

ಹೊರಡುವ ದಿನ ಅತ್ತೆ ಹಿಂದಿನ ಸೀಟಿನಲ್ಲಿ ಮೊಮ್ಮಗಳ ಪಕ್ಕ ಕೂತರು. ಧರ್ಮಪುರಿ ದಾಟಿದ ಮೇಲೆ ಮಗಳು, ನೀನು ಮದುವೆಯಾಗಿ ಸೇಲಂಗೆ ಬಂದದ್ದು ಹೇಗೆ ಪಾಟಿ, ಬಸ್ಸಿನಲ್ಲಾ ರೈಲಿನಲ್ಲಾ ಎಂದು ತಮಿಳಿನಲ್ಲಿ ಕೇಳಿದಳು. "ಬಸ್ಸೂ ಇಲ್ಲ, ರೈಲೂ ಇಲ್ಲ. ನಮ್ಮೂರು ಕಂಬೈನಲ್ಲೂರಿಂದ ಹುಣಸೆಹಣ್ಣಿನ ಲಾರೀಲಿ ಬಂದೆ. ಮದ್ವೆ ಸೀರೆಯೆಲ್ಲಾ ಹುಣಸೆ ವಾಸ್ನೆ" ಎಂದು ಅತ್ತೆ ಕನ್ನಡದಲ್ಲಿ ಶುರು ಮಾಡಿದರು. ಅವಳ ಪ್ರಶ್ನೆ ತಮಿಳು, ಅವರ ಉತ್ತರ ಕನ್ನಡ. ನಮ್ಮ ಮನೆಯಲ್ಲಿ ಮಾತು ನಡೆಯುವುದೇ ಹಾಗೆ. ಡ್ರೈವರ್ ಪಕ್ಕದಲ್ಲಿ ಮದುಮಗ ಕೂತಿದ್ದನಂತೆ, ಹಿಂದೆ ಮೂಟೆಗಳ ಮೇಲೆ ಮದುಮಗಳು ಮತ್ತು ಅವಳ ಅತ್ತೆಯಂತೆ, ತೊಪ್ಪೂರು ಘಾಟಿಯಲ್ಲಿ ಟೈರು ಪಂಕ್ಚರ್ ಆಯಿತಂತೆ. ನಾವೂ ಆಗ ಅದೇ ಘಾಟಿ ಇಳಿಯುತ್ತಿದ್ದೆವು. ಎಲ್ಲಿ, ಯಾವ ತಿರುವಿನಲ್ಲಿ ಎಂದು ಮಗಳು ಕಿಟಕಿಗೆ ಮುಖ ಒತ್ತಿದಳು. ನನ್ನ ಗಂಡ ಕಾರನ್ನು ನಿಧಾನ ಮಾಡಿ, ಹಿಂದಿನಿಂದ ಹಾರ್ನ್ ಹೊಡೆಯುತ್ತಿದ್ದ ಲಾರಿಗೆ ಮುಂದೆ ಹೋಗು ಎಂದು ಕೈ ಬೀಸಿದರು.